ಚಿತ್ರದ ತರಗತಿಯಲ್ಲಿ ಕಲ್ಪನೆಯ ಪರೀಕ್ಷೆ

ನಿಮಗೆ ತೋಚಿದ ಚಿತ್ರವನ್ನು ಬರೆಯಿರೆಂದು ಕಿರಿಯ ತರಗತಿಯ ಮಕ್ಕಳಿಗೆ ಹೇಳಿದರೆ, ಅನೇಕರ ಕಾಗದದ ಮೇಲೆ ಮೂಡುವುದು ಒಂದೇ ದೃಶ್ಯ: ಎರಡು ಬೆಟ್ಟ, ಅವುಗಳ ನಡುವೆ ಹುಟ್ಟುವ ಸೂರ್ಯ, ಕೆಳಗೆ ಹರಿಯುವ ಹೊಳೆ, ದಡದಲ್ಲೊಂದು ಗುಡಿಸಲು, ಪಕ್ಕದಲ್ಲೊಂದು ತೆಂಗಿನಮರ. ದಾದರದ ಸೇತುವೆಯನ್ನು ದಿನವೂ ದಾಟುವ ಮಗುವೂ ಇದನ್ನೇ ಬರೆಯುತ್ತದೆ. ಮಾಟುಂಗದ ಹೂವಿನ ಅಂಗಡಿಗಳ ಮುಂದೆ ನಡೆದು ಬರುವ ಮಗುವೂ ಇದನ್ನೇ ಬರೆಯುತ್ತದೆ. ಇದರ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಈ ಚಿತ್ರ ಬರೆದವರಿಗೆ ಅಂಕ ತಪ್ಪುವುದಿಲ್ಲ. ಮಕ್ಕಳು ಜಾಣರು, ಯಾವುದಕ್ಕೆ ಮನ್ನಣೆಯಿದೆಯೋ ಅದನ್ನೇ ಕೊಡುತ್ತಾರೆ. ಆದುದರಿಂದ ಮಕ್ಕಳ ಚಿತ್ರ ಬದಲಾಗಬೇಕಾದರೆ ಅದನ್ನು ಅಳೆಯುವ ಅಳತೆಗೋಲು ಮೊದಲು ಬದಲಾಗಬೇಕು.

ಕೈಯ ಪಳಗಿಕೆಯನ್ನು ಅಳೆಯುವ ಕ್ರಮ ನಮ್ಮಲ್ಲಿ ಉಂಟು. ಮಹಾರಾಷ್ಟ್ರ ಸರಕಾರವು ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಿಗೆ ಮೇಲಿನ ತರಗತಿಗಳ ವಿದ್ಯಾರ್ಥಿಗಳು ಕುಳಿತುಕೊಳ್ಳುತ್ತಾರೆ. ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ, ಭೂಮಿತಿ, ಅಕ್ಷರಲೇಖನ ಇವೆಲ್ಲ ಅಲ್ಲಿನ ವಿಷಯಗಳು. ಎದುರಿಗಿಟ್ಟ ಹೂಜಿಯ ಬಾಯಿ ಕಣ್ಣಿಗೆ ಕಾಣುವಂತೆಯೇ ಕಾಗದದ ಮೇಲೆಯೂ ಕಾಣಬೇಕು; ಅದರ ನೆರಳು ಸರಿಯಾದ ಕಡೆಗೆ ಬೀಳಬೇಕು. ಇದು ಅವಶ್ಯವಾದ ಶಿಕ್ಷಣವೇ. ಆದರೆ ಏಳೆಂಟು ವರ್ಷದ ಮಗುವಿನ ಚಿತ್ರವನ್ನೂ ಇದೊಂದೇ ಅಳತೆಯಿಂದ ಅಳೆದರೆ, ಗೆರೆ ನೇರವಾಗಿ ಬಾರದ ಮಗು “ನನಗೆ ಚಿತ್ರ ಬಾರದು” ಎಂದು ಪೆನ್ಸಿಲನ್ನು ಕೆಳಗಿಟ್ಟುಬಿಡುತ್ತದೆ. ಆ ಮಗುವಿನ ತಲೆಯಲ್ಲಿ ಎಂತಹ ಚಿತ್ರಗಳಿದ್ದುವೆಂಬುದು ಯಾರಿಗೂ ತಿಳಿಯದೆ ಹೋಗುತ್ತದೆ.

ಕೈಯೂ ಬೇಕು, ಕಲ್ಪನೆಯೂ ಬೇಕು ಎಂಬುದಕ್ಕೆ ನಮ್ಮವರೇ ಆದ ಕೆ. ಕೆ. ಹೆಬ್ಬಾರರು ಉತ್ತಮ ನಿದರ್ಶನ. 1911ರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಅವರು ಮುಂಬಯಿಗೆ ಬಂದು, 1857ರಲ್ಲಿ ಸ್ಥಾಪಿತವಾದ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಅಧ್ಯಾಪಕರೂ ಆದರು. ಕಣ್ಣಿಗೆ ಕಂಡುದನ್ನು ಕಂಡಂತೆ ಬರೆಯುವ ವಿದ್ಯೆ ಅವರಿಗೆ ಕೈವಶವಾಗಿತ್ತು. ಆದರೂ ಅವರ ಹೆಸರು ಉಳಿದುದು, ನರ್ತಿಸುವ ದೇಹವನ್ನು ಕೆಲವೇ ಗೆರೆಗಳಲ್ಲಿ ಕುಣಿಸಿದ ರೇಖಾಚಿತ್ರಗಳಂತಹ ಸ್ವಂತ ಸೃಷ್ಟಿಯಿಂದ.

ಹಾಗಾದರೆ ಕಲ್ಪನೆಯನ್ನು ಅಳೆಯುವುದು ಹೇಗೆ? ಅಮೆರಿಕದ ಮನಶ್ಶಾಸ್ತ್ರಜ್ಞ ಗಿಲ್‌ಫರ್ಡ್ 1950ರಲ್ಲಿ ಈ ವಿಷಯದ ಕಡೆಗೆ ವಿದ್ವಾಂಸರ ಗಮನವನ್ನು ಸೆಳೆದನು. ಅದೇ ದೇಶದ ಟಾರೆನ್ಸ್ ಎಂಬವನು 1966ರಲ್ಲಿ ಇದಕ್ಕಾಗಿಯೇ ಪರೀಕ್ಷೆಗಳನ್ನು ಪ್ರಕಟಿಸಿದನು. ಅವುಗಳಲ್ಲಿ ನೋಡುವ ಗುಣಗಳು ಮುಖ್ಯವಾಗಿ ನಾಲ್ಕು: ಎಷ್ಟು ಯೋಚನೆಗಳು ಬಂದುವೆಂಬ ನಿರರ್ಗಳತೆ, ಎಷ್ಟು ಬಗೆಯವು ಬಂದುವೆಂಬ ನಮ್ಯತೆ, ಇತರರಿಗೆ ಹೊಳೆಯದುದು ಹೊಳೆಯಿತೇ ಎಂಬ ಸ್ವಂತಿಕೆ, ಹೊಳೆದುದನ್ನು ಎಷ್ಟು ವಿವರವಾಗಿ ಬೆಳೆಸಲಾಯಿತೆಂಬ ವಿಸ್ತರಣೆ. ಹೆಸರುಗಳು ಭಾರವಾಗಿದ್ದರೂ ಪರೀಕ್ಷೆಗಳು ಮಾತ್ರ ಆಟಗಳಂತೆಯೇ ಇವೆ.

ವೃತ್ತಗಳ ಆಟವನ್ನು ನೋಡೋಣ. ಕಾಗದದ ತುಂಬ ಒಂದೇ ಗಾತ್ರದ ವೃತ್ತಗಳಿರುತ್ತವೆ. ಹತ್ತು ನಿಮಿಷಗಳಲ್ಲಿ ಅವುಗಳಿಂದ ಬೇರೆಬೇರೆ ವಸ್ತುಗಳನ್ನು ಮಾಡಬೇಕು. ಒಬ್ಬಳು ಸೂರ್ಯ, ಚಂದ್ರ, ಚೆಂಡು, ದೋಸೆ, ಇಡ್ಲಿ, ಹೋಳಿಗೆ, ಚಪಾತಿ ಎಂದು ಏಳನ್ನು ಬರೆದಳೆನ್ನಿ. ಇನ್ನೊಬ್ಬನು ಗಡಿಯಾರ, ಬಸ್ಸಿನ ಚಕ್ರ, ಬೆಕ್ಕಿನ ಮುಖ, ಬಾವಿ ಇಷ್ಟನ್ನು ಬರೆದು, ಐದನೆಯದಾಗಿ ಮೂರನೆಯ ಮಾಳಿಗೆಯ ಕಿಟಕಿಯಿಂದ ಬಗ್ಗಿ ನೋಡಿದಾಗ ಮಳೆಯಲ್ಲಿ ಕಾಣುವ ಒಂದು ಕೊಡೆಯನ್ನು ಬರೆದನು. ಸಂಖ್ಯೆಯಲ್ಲಿ ಆ ಹುಡುಗಿ ಮುಂದು. ಆದರೆ ಅವಳ ಏಳರಲ್ಲಿ ನಾಲ್ಕು ತಿಂಡಿಗಳೇ. ಹುಡುಗನ ಐದೂ ಬೇರೆ ಬೇರೆ ಜಾತಿಯವು. ಕೊಡೆಯ ಸುತ್ತ ಸಿಡಿಯುವ ಹನಿಗಳನ್ನೂ ಅಂಚಿನಲ್ಲಿ ಇಣುಕುವ ಎರಡು ಚಪ್ಪಲಿಗಳನ್ನೂ ತೋರಿಸಿದ್ದರೆ ಅದೇ ವಿಸ್ತರಣೆ. ಸ್ವಂತಿಕೆಯನ್ನು ಕಂಡುಹಿಡಿಯುವುದೂ ಒಂದು ಆಟವೇ. ಗುರುಗಳು ಒಂದೊಂದೇ ವಸ್ತುವಿನ ಹೆಸರು ಹೇಳುತ್ತಾರೆ. ಅದನ್ನು ಬರೆದವರು ಕೈಯೆತ್ತಬೇಕು. ಸೂರ್ಯನಿಗೆ ಮೂವತ್ತು ಕೈಗಳು ಏಳಬಹುದು. ಕೊಡೆಗೆ ಒಂದೇ ಕೈ ಎದ್ದರೆ ಇಡೀ ತರಗತಿಯೇ ಅದನ್ನು ಕಾಣುತ್ತದೆ. ಚಪ್ಪಾಳೆ ತಾನಾಗಿ ಬರುತ್ತದೆ.

ಎರಡನೆಯ ಆಟಕ್ಕೆ ನಮ್ಮ ಅಂಗಳದ ರಂಗೋಲಿಯೇ ಮೂಲ. ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ ಹದಿನಾರು ಚುಕ್ಕಿಗಳನ್ನು ಎಲ್ಲರೂ ಇಡಲಿ. ಚುಕ್ಕಿಗಳು ಒಂದೇ, ಗೆರೆಗಳು ಮಾತ್ರ ಅವರವರವು. ಒಬ್ಬಳಿಗೆ ಹೂ, ಒಬ್ಬನಿಗೆ ಹಡಗು, ಮತ್ತೊಬ್ಬನಿಗೆ ಕಿಟಕಿಗಳಿರುವ ಚಾಳು. ಚೆನ್ನಾಗಿ ಗೆರೆಯೆಳೆಯಲು ಬಾರದವನಿಗೂ ಚುಕ್ಕಿಗಳು ಆಧಾರವಾಗುವುದರಿಂದ ಅಂಜಿಕೆ ಹೋಗುತ್ತದೆ.

ಮೂರನೆಯದು ಜೋಡಿಯಾಟ. ಒಬ್ಬನು ಡೊಂಕುಗೆರೆಯೊಂದನ್ನು ಎಳೆದು ಕೊಡಬೇಕು. ಪಕ್ಕದವನು ಕಾಗದವನ್ನು ಬೇಕಾದಂತೆ ತಿರುಗಿಸಿ ಅದನ್ನು ಚಿತ್ರವಾಗಿ ಮುಗಿಸಿ, ಅದಕ್ಕೊಂದು ಹೆಸರಿಡಬೇಕು. ಬಣ್ಣಕ್ಕೆ ಹಣವಿಲ್ಲದಿದ್ದರೂ ಚಿಂತೆಯಿಲ್ಲ. ಹಳೆಯ ಟಿಕೆಟಿನ ತುಂಡು, ಅಂಗಿಯ ಗುಂಡಿ, ದಾರ, ಉದುರಿದ ಎಲೆ ಇವನ್ನು ಅಂಟಿಸಿಯೂ ಇಂತಹ ಆಟವನ್ನು ಆಡಬಹುದು.

ಆದರೆ ಒಂದು ಎಚ್ಚರ ಬೇಕು. ಒಂದು ದಿನದ ಆಟದಿಂದ ಯಾವ ಮಗುವಿನ ಯೋಗ್ಯತೆಯನ್ನೂ ನಿರ್ಣಯಿಸಲಾಗದು. ಹಸಿದ ಮಗುವಿಗೆ ವೃತ್ತವೆಲ್ಲ ರೊಟ್ಟಿಯಾಗಿಯೇ ಕಂಡರೆ ಆಶ್ಚರ್ಯವೇನು? ಅದಕ್ಕೆಂದೇ ಮೊದಲನೆಯವನು, ಕೊನೆಯವನು ಎಂಬ ಪಟ್ಟಿ ಇಲ್ಲಿ ಸಲ್ಲದು. ಪ್ರತಿಯೊಬ್ಬರ ಕಾಗದಗಳನ್ನೂ ಜೂನ್ ತಿಂಗಳಿಂದ ಒಂದೊಂದು ಕಡತದಲ್ಲಿ ಸೇರಿಸಿಟ್ಟು, ಮಾರ್ಚಿಯಲ್ಲಿ ಬಿಡಿಸಿ ನೋಡಬೇಕು. ಮಗುವನ್ನು ಅದರದೇ ಹಿಂದಿನ ಕೆಲಸದೊಡನೆ ಹೋಲಿಸಬೇಕು. ಚಿತ್ರ ಅರ್ಥವಾಗದಿದ್ದರೆ “ಇದೇನು?” ಎಂದು ಗದರಿಸದೆ, “ಇದರ ಕಥೆ ಹೇಳು” ಎಂದು ಕೇಳಬೇಕು. ಗೀಚಿದಂತೆ ಕಾಣುವ ಕಪ್ಪು ಮುದ್ದೆಯು ಸುರಂಗದೊಳಗೆ ಹೊಕ್ಕ ರೈಲಾಗಿರಬಹುದು.

ವಿದ್ಯಾರ್ಥಿಗಳೇ, ಈ ಆಟಗಳಿಗೆ ಗುರುಗಳ ಅಪ್ಪಣೆಗಾಗಿ ಕಾಯಬೇಕೆಂದಿಲ್ಲ. ಬಿಡುವಿನ ವೇಳೆಯಲ್ಲಿ ಹಳೆಯ ನೋಟುಪುಸ್ತಕದ ಹಿಂಬದಿಯಲ್ಲಿ ಹತ್ತು ವೃತ್ತಗಳನ್ನು ಎಳೆದುಕೊಳ್ಳಿರಿ. ನಿಮ್ಮ ತಮ್ಮ ತಂಗಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಬೆಟ್ಟ, ಸೂರ್ಯ, ಗುಡಿಸಲುಗಳಿಗೆ ಒಂದು ದಿನ ರಜೆ ಕೊಟ್ಟು, ನಿಮ್ಮ ಕಿಟಕಿಯಿಂದ ಕಾಣುವ ಮುಂಬಯಿಯಲ್ಲಿ ಎಷ್ಟು ವೃತ್ತಗಳಿವೆಯೆಂದು ಎಣಿಸಿ ನೋಡಿರಿ.