ಆರೋಪಿಯೂ ಮಗುವಾದಾಗ: ಕಾಯ್ದೆಯ ದಾರಿ ಮತ್ತು ಕನ್ನಡದ ಹೇಳಿಕೆ

2025ರ ಜುಲೈ ತಿಂಗಳಲ್ಲಿ ನಮ್ಮ ಅಂಚೆಟ್ಟಿ ಭಾಗದಲ್ಲಿ ಹದಿಮೂರು ವರ್ಷದ ಶಾಲಾ ಬಾಲಕನೊಬ್ಬನನ್ನು ಅಪಹರಿಸಿ ಕೊಲ್ಲಲಾಯಿತು. ಆ ಪ್ರಕರಣದಲ್ಲಿ ಬಂಧಿತರಾದವರು ಹದಿನೆಂಟು ದಾಟಿದ ಯುವಕರು. ಅದಕ್ಕೂ ಎರಡು ತಿಂಗಳ ಹಿಂದೆ, ಮೇ ತಿಂಗಳಲ್ಲಿ, ಹುಬ್ಬಳ್ಳಿಯಲ್ಲಿ ನಡೆದುದು ಬೇರೆ ಬಗೆಯದು. ಸಣ್ಣ ಜಗಳದಲ್ಲಿ ತನಗಿಂತ ದೊಡ್ಡ ಗೆಳೆಯನನ್ನು ಚಾಕುವಿನಿಂದ ಇರಿದು ಕೊಂದ ಆರೋಪ ಅಲ್ಲಿ ಆರನೆಯ ತರಗತಿಯ ಹುಡುಗನೊಬ್ಬನ ಮೇಲೆ ಬಂದಿತು. ಸತ್ತವನೂ ಮಗು, ಕೊಂದನೆನ್ನಲಾದವನೂ ಮಗು. ಇಂಥ ಸುದ್ದಿ ಬಂದಾಗಲೆಲ್ಲ ಪೋಷಕರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಒಂದೇ: ಹುಡುಗನೆಂದು ಬಿಟ್ಟುಬಿಡುತ್ತಾರೆಯೇ?

ಬಿಟ್ಟುಬಿಡುವುದಿಲ್ಲ. ಆದರೆ ದಾರಿ ಬೇರೆ. 2012ರ ದೆಹಲಿ ಪ್ರಕರಣದ ಆರೋಪಿಗಳಲ್ಲೊಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ಮೂರು ವರ್ಷಗಳ ಅವಧಿ ಮುಗಿಸಿ ಅವನು 2015ರ ಡಿಸೆಂಬರ್ 20ರಂದು ಹೊರಬಂದ. ಎರಡೇ ದಿನಗಳಲ್ಲಿ ರಾಜ್ಯಸಭೆಯು ಹೊಸ ಬಾಲನ್ಯಾಯ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2016ರ ಜನವರಿ 15ರಿಂದ ಜಾರಿಯಲ್ಲಿರುವ ಆ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಆರೋಪಿಯನ್ನು ಠಾಣೆಯ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಇಪ್ಪತ್ತನಾಲ್ಕು ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯೆಂದರೆ ಒಬ್ಬ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜಸೇವಕರು. ಆ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಲೇಬೇಕು.

ಹುಬ್ಬಳ್ಳಿಯ ಹುಡುಗನಂತೆ ಹದಿನಾರು ತುಂಬದವರ ವಿಷಯದಲ್ಲಿ ಕೊಲೆಯಂಥ ಆರೋಪವಿದ್ದರೂ ವಿಚಾರಣೆ ಮಂಡಳಿಯಲ್ಲಿಯೇ ಮುಗಿಯುತ್ತದೆ. ವಿಶೇಷ ಗೃಹದಲ್ಲಿ ಇರಿಸಬಹುದಾದ ಗರಿಷ್ಠ ಅವಧಿ ಮೂರು ವರ್ಷ. ಹದಿನಾರರಿಂದ ಹದಿನೆಂಟರ ನಡುವಿನವರು ಕೊಲೆ, ಅತ್ಯಾಚಾರಗಳಂಥ ಘೋರ ಅಪರಾಧಗಳ ಆರೋಪ ಹೊತ್ತಾಗ ಮಂಡಳಿಯು ಮೊದಲು ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಆ ಕೃತ್ಯವೆಸಗುವ ದೈಹಿಕ, ಮಾನಸಿಕ ಸಾಮರ್ಥ್ಯ ಅವನಿಗಿತ್ತೇ, ಅದರ ಪರಿಣಾಮ ಅವನಿಗೆ ತಿಳಿಯುತ್ತಿತ್ತೇ, ಯಾವ ಸನ್ನಿವೇಶದಲ್ಲಿ ಅದು ನಡೆಯಿತು ಎಂಬುದನ್ನು ನೋಡಿ, ವಯಸ್ಕನಂತೆ ವಿಚಾರಣೆ ನಡೆಸಬೇಕೆನಿಸಿದರೆ ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು. ಅಲ್ಲಿಯೂ ಮರಣದಂಡನೆ ಇಲ್ಲ. ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿಯೂ ಇಲ್ಲ.

ಇಷ್ಟೆಲ್ಲ ನಿಧಾನ ಏಕೆ ಎಂದು ಕೇಳುವವರಿಗೆ ಹರಿಯಾಣದ ಗುರುಗ್ರಾಮದ ಪ್ರಕರಣವನ್ನು ವಿವರಿಸುವುದು ನಮಗೆ ಅಗತ್ಯವೆನಿಸುತ್ತದೆ. 2017ರ ಸೆಪ್ಟೆಂಬರ್ 8ರ ಬೆಳಿಗ್ಗೆ ಎರಡನೆಯ ತರಗತಿಯ ಏಳು ವರ್ಷದ ಬಾಲಕನೊಬ್ಬ ಖಾಸಗಿ ಶಾಲೆಯ ಶೌಚಾಲಯದ ಬಳಿ ಕತ್ತು ಸೀಳಿದ ಸ್ಥಿತಿಯಲ್ಲಿ ಪತ್ತೆಯಾದ. ತಂದೆ ಅವನನ್ನು ಶಾಲೆಗೆ ಬಿಟ್ಟುಹೋಗಿ ಹೆಚ್ಚು ಹೊತ್ತಾಗಿರಲಿಲ್ಲ. ಅದೇ ದಿನ ಪೊಲೀಸರು ಶಾಲೆಯ ಬಸ್ಸಿನ ಕಂಡಕ್ಟರನನ್ನು ಬಂಧಿಸಿ, ಲೈಂಗಿಕ ದೌರ್ಜನ್ಯಕ್ಕೆ ಯತ್ನಿಸಿ ಕೊಂದನೆಂದು ಹೇಳಿದರು. ಟಿವಿ ಕ್ಯಾಮೆರಾಗಳ ಮುಂದೆ ಅವನು ತಪ್ಪೊಪ್ಪಿಕೊಂಡದ್ದೂ ಆಯಿತು. ದೇಶವೆಲ್ಲ ಅವನನ್ನು ಶಪಿಸಿತು. ಆದರೆ ಸತ್ತ ಮಗುವಿನ ತಂದೆತಾಯಿ ಆ ಕಥೆಯನ್ನು ನಂಬದೆ ಸಿಬಿಐ ತನಿಖೆಗೆ ಪಟ್ಟು ಹಿಡಿದರು. ನವೆಂಬರ್‌ನಲ್ಲಿ ಸಿಬಿಐ ವಶಕ್ಕೆ ಪಡೆದದ್ದು ಅದೇ ಶಾಲೆಯ ಹನ್ನೊಂದನೆಯ ತರಗತಿಯ ಹದಿನಾರು ವರ್ಷದ ವಿದ್ಯಾರ್ಥಿಯನ್ನು. ಪರೀಕ್ಷೆ ಮತ್ತು ಪೋಷಕರ ಸಭೆ ಮುಂದೂಡಲಿ ಎಂಬುದೇ ಉದ್ದೇಶವೆಂದು ಸಿಬಿಐ ಹೇಳಿತು. ಕಂಡಕ್ಟರನನ್ನು 2018ರ ಫೆಬ್ರವರಿಯಲ್ಲಿ ನ್ಯಾಯಾಲಯವು ಆರೋಪದಿಂದ ಮುಕ್ತಗೊಳಿಸಿತು. ಅವನಿಗೆ ಹಿಂಸೆ ಕೊಟ್ಟು ಒಪ್ಪಿಸಲಾಯಿತೆಂದು ಅವನ ಮನೆಯವರು ಮೊದಲಿನಿಂದಲೂ ಹೇಳುತ್ತಿದ್ದರು. ಮುಂದೆ ಕೆಲವು ಪೊಲೀಸ್ ಅಧಿಕಾರಿಗಳ ಮೇಲೆಯೇ ಸಿಬಿಐ ದೋಷಾರೋಪ ಪಟ್ಟಿ ಸಲ್ಲಿಸಿತು.

ಮೌಲ್ಯಮಾಪನದಲ್ಲಿಯೂ ಆತುರವೇ ಎಡವಿಸಿತು. ವಿದ್ಯಾರ್ಥಿಯನ್ನು ವಯಸ್ಕನಂತೆ ವಿಚಾರಣೆಗೊಳಪಡಿಸಬೇಕೆಂದು ಮಂಡಳಿ 2017ರ ಡಿಸೆಂಬರ್‌ನಲ್ಲಿ ಆದೇಶಿಸಿತು. ವರದಿಗಳ ಪ್ರತಿಯನ್ನು ಆ ಹುಡುಗನ ಕಡೆಯವರಿಗೆ ಸರಿಯಾಗಿ ಒದಗಿಸದೆ ನಿರ್ಧಾರ ಮಾಡಲಾಗಿದೆ ಎಂಬ ಕಾರಣವೂ ಸೇರಿ ಹೈಕೋರ್ಟ್ ಅದನ್ನು ರದ್ದುಮಾಡಿತು. 2022ರ ಜುಲೈ 13ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದು, ಮಗುವಿನ ಮನಸ್ಸನ್ನು ಅಳೆಯುವುದು ಸೂಕ್ಷ್ಮ ಕೆಲಸವೆಂದೂ, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದೂ ಹೇಳಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಂಡಳಿ ಮರುಪರಿಶೀಲಿಸಿ ಮತ್ತೆ ಮೊದಲಿನ ನಿರ್ಧಾರಕ್ಕೇ ಬಂದಿತು. ಆತುರದಿಂದ ಉಳಿಯಬೇಕಾಗಿದ್ದ ಕಾಲ ಐದು ವರ್ಷಗಳ ವಿಳಂಬವಾಯಿತು. ಅಷ್ಟೂ ಕಾಲ ಕಾದವರು ಮಗುವನ್ನು ಕಳೆದುಕೊಂಡ ತಂದೆತಾಯಿ.

ಈ ಪ್ರಕರಣದಲ್ಲಿ ನಮಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ಗುರುಗ್ರಾಮದ ಸೆಷನ್ಸ್ ನ್ಯಾಯಾಧೀಶರು ಸತ್ತ ಬಾಲಕನಿಗೆ ‘ಪ್ರಿನ್ಸ್’, ಆರೋಪಿಗೆ ‘ಭೋಲು’, ಶಾಲೆಗೆ ‘ವಿದ್ಯಾಲಯ’ ಎಂದು ಬದಲಿ ಹೆಸರುಗಳನ್ನಿಟ್ಟು, ಪತ್ರಿಕೆಗಳು ಅವನ್ನೇ ಬಳಸಬೇಕೆಂದರು. ನಾವೂ ಇಲ್ಲಿ ಆ ಶಾಲೆಯ ಹೆಸರನ್ನು ಬರೆದಿಲ್ಲ. ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ಪ್ರಕಾರ ನೊಂದ ಮಗುವಿನ, ಸಾಕ್ಷಿ ಮಗುವಿನ, ಆರೋಪಿ ಮಗುವಿನ ಹೆಸರು, ಶಾಲೆ, ವಿಳಾಸ, ಚಿತ್ರಗಳನ್ನು ಪ್ರಕಟಿಸಿದರೆ ಆರು ತಿಂಗಳ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ಇದು ಪತ್ರಿಕೆಗಳಿಗಷ್ಟೇ ಸಂಬಂಧಿಸಿದ್ದೆಂದು ತಿಳಿಯಬಾರದು. ತರಗತಿಯ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ‘ಅವನೇ ಇವನು’ ಎಂದು ಫೋಟೋ ಹಾಕುವವರೂ ಇದನ್ನು ನೆನಪಿಡಬೇಕು.

ಇನ್ನು ಗಡಿಭಾಗದ ಕನ್ನಡಿಗರಿಗೇ ಸಂಬಂಧಿಸಿದ ಮಾತು. ಹೊಸೂರು, ತಳಿ, ಡೆಂಕಣಿಕೋಟೆ, ಕೆಳಮಂಗಲಗಳಲ್ಲಿ ಠಾಣೆಯ ಬರವಣಿಗೆ ತಮಿಳಿನಲ್ಲಿ ನಡೆಯುತ್ತದೆ. ನಮ್ಮ ಮಕ್ಕಳು ತಮಿಳು ಮಾತಾಡುತ್ತಾರೆ, ಶಾಲೆಯಲ್ಲಿ ಕಲಿಯುತ್ತಾರೆ, ನಿಜ. ಆದರೆ ಭಯಗೊಂಡ ಮಗು ಮನೆಮಾತಿನಲ್ಲಿಯೇ ನಡೆದುದನ್ನು ಹೇಳುತ್ತದೆ. ಕನ್ನಡದ ‘ಮುಟ್ಟಿದ’ ಎಂಬ ಒಂದು ಪದವನ್ನೇ ತೆಗೆದುಕೊಳ್ಳಿ. ತಮಿಳಿನಲ್ಲಿ ‘ಮುಟ್ಟು’ ಎಂದರೆ ಡಿಕ್ಕಿ ಹೊಡೆಯುವುದು, ಹಾಯುವುದು. ಮುಟ್ಟುವುದಕ್ಕೆ ಅವರು ‘ತೊಡು’ ಎನ್ನುತ್ತಾರೆ. ‘ಅವನು ನನ್ನನ್ನು ಮುಟ್ಟಿದ’ ಎಂದು ಮಗು ಹೇಳಿದ್ದು ಆಟದಲ್ಲಿ ಯಾರೋ ಬಂದು ಡಿಕ್ಕಿ ಹೊಡೆದ ಎಂದಾಗಿಬಿಟ್ಟರೆ ಪೋಕ್ಸೋ ಪ್ರಕರಣದಲ್ಲಿ ಉಳಿಯುವುದೇನು?

ಶಾಸನ ಇದನ್ನು ಮೊದಲೇ ಯೋಚಿಸಿದೆ. ಪೋಕ್ಸೋ ಕಾಯ್ದೆಯ 19ನೆಯ ಕಲಂ ಪ್ರಕಾರ, ದೂರನ್ನು ದಾಖಲಿಸುವ ಭಾಷೆ ಮಗುವಿಗೆ ತಿಳಿಯದಿದ್ದರೆ ಅನುವಾದಕರನ್ನು ಒದಗಿಸಬೇಕು. ಹೇಳಿಕೆ ಪಡೆಯುವಾಗಲೂ, ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯುವಾಗಲೂ ಅನುವಾದಕರ ನೆರವಿಗೆ ಅವಕಾಶವಿದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿಯೋ ಅದು ಬಯಸಿದ ಜಾಗದಲ್ಲಿಯೋ, ತಂದೆತಾಯಿ ಅಥವಾ ಮಗು ನಂಬುವವರ ಎದುರಿನಲ್ಲಿ ಪಡೆಯಬೇಕು. ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ಆರೋಪಿ ಮಗುವಿಗೂ ಇಂಥದೇ ಹಕ್ಕು ಇದೆ: ಕಲಾಪದ ಭಾಷೆ ಅವನಿಗೆ ಅರ್ಥವಾಗದಿದ್ದರೆ ಅನುವಾದಕರನ್ನು ಕೊಡುವುದು ಬಾಲನ್ಯಾಯ ಕಾಯ್ದೆಯ 8ನೆಯ ಕಲಂ ಮಂಡಳಿಗೆ ವಿಧಿಸಿದ ಹೊಣೆ. ಅವನು ಸುಳ್ಳು ಹೇಳುತ್ತಿದ್ದಾನೆಯೇ, ಹೆದರಿದ್ದಾನೆಯೇ, ಪರಿಣಾಮ ತಿಳಿದು ಮಾಡಿದನೇ ಎಂಬುದನ್ನು ಅರೆಬರೆ ತಮಿಳಿನಲ್ಲಿ ಅಳೆಯುವುದು ಸತ್ತ ಮಗುವಿಗೂ ನ್ಯಾಯವಲ್ಲ.

ಶಾಲೆಗಳಿಗೂ ಹೊಣೆಯಿದೆ. 2024ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಬರ್ಗೂರಿನ ಬಳಿ ಖಾಸಗಿ ಶಾಲೆಯೊಂದರ ನಕಲಿ ಎನ್‌ಸಿಸಿ ಶಿಬಿರದಲ್ಲಿ ವಿದ್ಯಾರ್ಥಿನಿಯ ಮೇಲೆ ದೌರ್ಜನ್ಯ ನಡೆದಾಗ, ವಿಷಯ ಪೊಲೀಸರಿಗೆ ತಿಳಿಸದ ಕಾರಣಕ್ಕೆ ಪ್ರಾಂಶುಪಾಲರೂ ಬಂಧಿತರಾದರು. ದೌರ್ಜನ್ಯ ಎಸಗಿದವನು ಹಿರಿಯ ತರಗತಿಯ ಹುಡುಗನೇ ಆಗಿದ್ದರೂ, ‘ನಮ್ಮೂರ ಮಕ್ಕಳೇ ಅಲ್ಲವೇ’ ಎಂದು ಪಂಚಾಯ್ತಿ ಮಾಡಿ ಮುಗಿಸುವ ಅಧಿಕಾರ ಶಾಲೆಗೂ ಊರಿಗೂ ಇಲ್ಲ.

ಇಂಥ ಸಂದರ್ಭ ಬಂದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ. ಠಾಣೆಗೆ ಹೋದಾಗ ಕನ್ನಡ ಅನುವಾದಕರು ಬೇಕೆಂಬ ಕೋರಿಕೆಯನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದಲ್ಲಿ ಬರೆದುಕೊಟ್ಟು, ಅದರ ಪ್ರತಿಗೆ ಸಹಿ ಪಡೆಯಿರಿ. ಬರೆದುಕೊಂಡುದನ್ನು ಕನ್ನಡದಲ್ಲಿ ಓದಿಸಿ ಕೇಳಿದ ನಂತರವೇ ಸಹಿ ಹಾಕಿ. ಪ್ರಥಮ ವರ್ತಮಾನ ವರದಿಯ ಪ್ರತಿ ದೂರು ಕೊಟ್ಟವರಿಗೆ ಉಚಿತವಾಗಿ ಸಿಗಬೇಕು. ಅದನ್ನು ಕೇಳಿ ಪಡೆಯಿರಿ. ತಮಿಳು ಓದಲು ಬಾರದವರು ಆ ಪ್ರತಿಯನ್ನು ತಮ್ಮ ಊರಿನ ಕನ್ನಡ ಶಾಲೆಯ ಶಿಕ್ಷಕರ ಬಳಿ ತಂದು ಓದಿಸಿಕೊಳ್ಳಬಹುದು.