ರಾತ್ರಿ ನೀರು ಹಾಯಿಸುವವರಿಗೆ ತಕ್ಕ ಟಾರ್ಚು

ಪಂಪಿಗೆ ಕರೆಂಟು ರಾತ್ರಿ ಬಂದರೆ ಯಲಹಂಕ ಸುತ್ತಿನ ರೈತರು ಆಗಲೇ ನೀರು ಹಾಯಿಸಬೇಕು. ಬದುವಿನ ಮೇಲೆ ಮಲಗಿದ ಕೊಳಕುಮಂಡಲ ಹಾವು ಮಣ್ಣಿನ ಬಣ್ಣದಲ್ಲಿ ಬೆರೆತಿರುತ್ತದೆ. ಆದುದರಿಂದ ಟಾರ್ಚು ಕೈಕೊಡಬಾರದು.

ಹಳ್ಳಿಯ ಅಂಗಡಿಯಲ್ಲೇ ಸಿಗುವ ಸೆಲ್ ಹಿಡಿಸುವ ಎಲ್.ಇ.ಡಿ. ಟಾರ್ಚನ್ನು ಆರಿಸಿರಿ. ಹಳೆಯ ತಂತಿ ಬಲ್ಬಿಗಿಂತ ಇದಕ್ಕೆ ಕಡಿಮೆ ವಿದ್ಯುತ್ ಸಾಕು. ದಪ್ಪ ಸೆಲ್ಲಾಗಲಿ, ಪೆನ್ಸಿಲ್ ಸೆಲ್ಲಾಗಲಿ, ಎರಡೂ 1.5 ವೋಲ್ಟಿನವೇ, ಆದರೆ ದಪ್ಪದ್ದು ಹೆಚ್ಚು ರಾತ್ರಿ ಬಾಳುತ್ತದೆ.

ಕೊಳ್ಳುವಾಗ ಹೊತ್ತಿಸಿ, ಅಂಗೈಗೆ ಮೆಲ್ಲಗೆ ತಟ್ಟಿ ನೋಡಿರಿ. ಬೆಳಕು ಮಿಣುಕಿದರೆ ಸ್ಪ್ರಿಂಗು ಅಥವಾ ಗುಂಡಿ ಸಡಿಲವೆಂದು ತಿಳಿದು ಬೇರೆಯದನ್ನು ಕೇಳಿರಿ. ಮುಚ್ಚಳದಲ್ಲಿ ರಬ್ಬರ್ ಬಳೆಯಿದ್ದರೆ ನೀರು ಸುಲಭವಾಗಿ ಒಳಸೇರದು.

ಹಳೆಯ ಸೆಲ್ಲಿನೊಡನೆ ಹೊಸದನ್ನು ಹಾಕಬೇಡಿರಿ. ಬಹುದಿನ ಬಳಸದಿದ್ದರೆ ಸೆಲ್ ತೆಗೆದಿಡಿರಿ. ಸೋರಿದ ರಸ ಒಳಗಿನ ಲೋಹವನ್ನು ತಿನ್ನುತ್ತದೆ. ಟಾರ್ಚಿದ್ದರೂ ಗಂಬೂಟು ತೊಡುವುದನ್ನು ಮರೆಯದಿರಿ.