ಟೈರಿಗೂ ಜಾತಕ ಉಂಟು, ದುಡ್ಡು ಕೊಡುವ ಮುನ್ನ ಓದಿ!

ಮೈಸೂರು: ಮಗಳಿಗೆ ಗಂಡು ನೋಡುವಾಗ ಮೂರು ತಲೆಮಾರು ಜಾಲಾಡುವ ಜನ ನಾವು. ದೇವರಾಜ ಮಾರ್ಕೆಟ್ಟಿನಲ್ಲಿ ಒಂದು ಬದನೆಕಾಯಿ ಕೊಳ್ಳಬೇಕಾದರೂ ಹಿಂದೆ ಮುಂದೆ ತಿರುಗಿಸಿ ನೋಡುತ್ತೇವೆ. ಆದರೆ ಕಾರಿಗೆ ಟೈರು ಹಾಕಿಸುವಾಗ ಮಾತ್ರ ಅಂಗಡಿಯ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತೇವೆ. ‘ಯಾವುದಾದ್ರೂ ಒಳ್ಳೇದು ನೋಡಿ ಹಾಕಪ್ಪಾ’ ಅಂದರೆ ಮುಗಿಯಿತು ವ್ಯಾಪಾರ. ಆ ಟೈರಿನ ಮೈಮೇಲೆ ಅದು ಹುಟ್ಟಿದ ವಾರ, ಹೊರುವ ಭಾರ, ತಾಳುವ ವೇಗ ಎಲ್ಲವನ್ನೂ ಅಚ್ಚು ಒತ್ತಿ ಬರೆದಿರುತ್ತಾರೆ. ಬಗ್ಗಿ ಓದುವವರು ಎಷ್ಟು ಜನ?

‘ಇದು ಕಾರಿದ್ದವರ ಸಮಾಚಾರ, ಬಸ್ಸಿನಲ್ಲಿ ನೇತಾಡುವ ನಮಗೇಕೆ ಸ್ವಾಮಿ’ ಎನ್ನಬೇಡಿ. ಮದುವೆಗೆ, ಧರ್ಮಸ್ಥಳಕ್ಕೆ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಅಂತ ವರ್ಷಕ್ಕೆ ನಾಲ್ಕು ಸಲ ಬಾಡಿಗೆ ಕಾರು ಹತ್ತದವರು ಯಾರಿದ್ದಾರೆ? ಅಜ್ಜಿ, ಮೊಮ್ಮಕ್ಕಳು, ಲಗೇಜು ಸಮೇತ ಇಡೀ ಸಂಸಾರ ಕೂರುವುದು ನಾಲ್ಕು ರಬ್ಬರಿನ ಮೇಲೆ. ಒಂದೊಂದು ಟೈರು ನೆಲಕ್ಕೆ ತಾಗುವ ಜಾಗ ಒಂದು ಅಂಗೈಯಷ್ಟು, ಅಷ್ಟೇ.

ಮೊದಲು ಬೆಂಗಳೂರಿಗೆ ಹೋಗುವಾಗ ಮದ್ದೂರಿನಲ್ಲಿ ವಡೆಗೆ ಇಳಿಯುತ್ತಿದ್ದೆವು. ಊರು ಬಂದಾಗಲೆಲ್ಲ ಹಂಪು, ಸಿಗ್ನಲ್ಲು, ಅಡ್ಡ ಬಂದ ಎತ್ತಿನ ಗಾಡಿ. ನಮಗೆ ಬೇಸರವಾಗುತ್ತಿತ್ತು, ಆದರೆ ಟೈರಿಗೆ ಅದೇ ವಿರಾಮ. 2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಅದರ ಮುಖ್ಯ ಪಥದಿಂದ ಹೊರಗಿಟ್ಟರು. ಈಗ ಕಾರು ಹತ್ತಿದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿಲ್ಲದೆ ಓಟ. ಪೇಟೆಯೊಳಗೆ ಮೂವತ್ತು, ನಲವತ್ತರಲ್ಲಿ ಓಡಾಡಿಕೊಂಡು ಆರೇಳು ವರ್ಷ ತಳ್ಳಿದ ಟೈರು ಈ ರಸ್ತೆಯ ಬಿಸಿ ತಡೆದೀತು ಎಂದು ಹೇಳುವ ಧೈರ್ಯ ಯಾರಿಗೂ ಬೇಡ.

ಮೊದಲು ನೋಡಬೇಕಾದ್ದು ಹುಟ್ಟಿದ ದಿನ

ಟೈರಿನ ಮಗ್ಗುಲಲ್ಲಿ ಡಿ.ಓ.ಟಿ. ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಅದರ ಮುಂದೆ ಒಂದು ಸಾಲು ಅಕ್ಷರ, ಅಂಕಿ. ಆ ಸಾಲಿನ ಕೊನೆಯಲ್ಲಿ, ಸಾಮಾನ್ಯವಾಗಿ ಒಂದು ಮೊಟ್ಟೆಯಾಕಾರದ ಗೆರೆಯೊಳಗೆ, ನಾಲ್ಕು ಅಂಕಿ ಕಾಣುತ್ತವೆ. 3519 ಎಂದಿದ್ದರೆ 2019ನೇ ಇಸವಿಯ 35ನೇ ವಾರದಲ್ಲಿ ತಯಾರಾದ ಟೈರು ಎಂದರ್ಥ. ಅಂದರೆ ಆಗಸ್ಟ್ ಕೊನೆಯ ಸುಮಾರು. ಮೊದಲ ಎರಡು ಅಂಕಿ ವಾರ, ಆಮೇಲಿನೆರಡು ವರ್ಷ. ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೂ ಬರುವ ಲೆಕ್ಕ ಇದು. ನಾಲ್ಕರ ಬದಲು ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು, ಕೈಮುಗಿದು ಗುಜರಿಗೆ ಹಾಕಿ.

ತಮಾಷೆ ಏನೆಂದರೆ ಈ ಪೂರ್ತಿ ಸಾಲು ಎಷ್ಟೋ ಟೈರುಗಳಲ್ಲಿ ಒಂದು ಮಗ್ಗುಲಲ್ಲಿ ಮಾತ್ರ ಇರುತ್ತದೆ. ಆ ಮಗ್ಗುಲು ಕಾರಿನ ಒಳಗಡೆಗೆ ಬಂದರೆ ಆಮೇಲೆ ನೋಡಲು ಗಾಡಿಯ ಕೆಳಗೆ ಮಲಗಬೇಕು. ಆದ್ದರಿಂದ ಡಿಸ್ಕಿಗೆ ಏರಿಸುವ ಮುಂಚೆಯೇ ನೋಡಿಬಿಡಿ. ನಾಲ್ಕು ಟೈರು ಕೊಂಡರೆ ನಾಲ್ಕನ್ನೂ ನೋಡಿ. ಎರಡು ಈ ವರ್ಷದ್ದು, ಎರಡು ಮೂರು ವರ್ಷ ಹಿಂದಿನದು ಬರುವುದುಂಟು.

ಅಂಗಡಿಯವರ ಮಾತನ್ನೂ ಹೇಳಬೇಕು, ಅವರೂ ನಮ್ಮ ಓದುಗರೇ. ಕಂಪನಿಯಿಂದ ಗೋಡೌನಿಗೆ, ಗೋಡೌನಿನಿಂದ ಅಂಗಡಿಗೆ ಬರುವಷ್ಟರಲ್ಲಿ ಕೆಲವು ತಿಂಗಳು ಕಳೆಯುವುದು ಸಹಜ. ಬಿಸಿಲು ಬೀಳದ ಜಾಗದಲ್ಲಿ ಇಟ್ಟ ಆರೆಂಟು ತಿಂಗಳ ಟೈರು ಹಳಸಿದ ಅನ್ನವೇನಲ್ಲ. ಅದಕ್ಕೆ ಜಗಳ ಬೇಡ. ಆದರೆ ಎರಡು ಮೂರು ವರ್ಷದ ಮಾಲಿಗೆ ಕಪ್ಪು ಪಾಲಿಶ್ ಬಳಿದು ‘ನಿನ್ನೆ ಬಂದ ಸ್ಟಾಕು ಸಾರ್’ ಅಂದರೆ ನಾಲ್ಕು ಅಂಕಿಯ ಮೇಲೆ ಬೆರಳಿಟ್ಟು ಸುಮ್ಮನೆ ನಿಂತುಕೊಳ್ಳಿ. ಮಿಕ್ಕ ಮಾತು ತಾನಾಗೇ ನಡೆಯುತ್ತದೆ.

ರಬ್ಬರು ಓಡದಿದ್ದರೂ ಮುದಿಯಾಗುತ್ತದೆ. ಗಾಳಿ, ಬಿಸಿಲು ತಾಗಿ ಗಟ್ಟಿಯಾಗಿ, ಮಗ್ಗುಲಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರ ಕೈಯಲ್ಲಿ ನೋಡಿಸಬೇಕು. ಗ್ರಿಪ್ಪು ಎಷ್ಟೇ ಉಳಿದಿದ್ದರೂ ಹತ್ತು ವರ್ಷಕ್ಕೆ ತೆಗೆದು ಹಾಕಲೇಬೇಕು ಎಂಬುದು ಟೈರು ತಯಾರಕರದೇ ಸಲಹೆ. ಎಷ್ಟೋ ಕಾರು ಕಂಪನಿಗಳು ಆರೇ ವರ್ಷ ಎನ್ನುತ್ತವೆ.

ಅಂಕಿಗಳ ಒಗಟು

ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಸಾಲಾಗಿ ನಿಲ್ಲುವ ಬಿಳಿ ಡಿಸೈರ್ ಕಾರನ್ನೇ ತೆಗೆದುಕೊಳ್ಳಿ. ಬಹಳಷ್ಟು ಗಾಡಿಗಳ ಟೈರಿನ ಮೇಲೆ 165/80 ಆರ್ 14 85 ಟಿ ಎಂದಿರುತ್ತದೆ. 165 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂಬುದು ಎತ್ತರ, ಆದರೆ ಮಿಲಿಮೀಟರ್ ಅಲ್ಲ. ಅಗಲದ ನೂರಕ್ಕೆ ಎಂಬತ್ತು ಪಾಲು, ಅಂದರೆ 132 ಮಿ.ಮೀ. ಆರ್ ಎಂದರೆ ರೇಡಿಯಲ್. ಅಂಬಾಸಿಡರ್ ಕಾಲದ 5.90-15 ಟೈರಿನ ಅಡ್ಡಡ್ಡ ನೂಲಿನ ಕಟ್ಟು ಬೇರೆ, ಇದು ಬೇರೆ. 14 ಎಂಬುದು ಡಿಸ್ಕಿನ ಅಳತೆ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರನ್ನೂ ಕಲೆಸಿದ ಪುಣ್ಯಾತ್ಮ ಯಾರೋ!

ಆಮೇಲಿನ 85 ಭಾರದ ಗುರುತು. 85 ಕೆ.ಜಿ. ಅಂದುಕೊಳ್ಳಬೇಡಿ. ಅದೊಂದು ಸಂಕೇತ, ಸರಿಯಾದ ಗಾಳಿ ಇದ್ದರೆ ಒಂದು ಟೈರು 515 ಕೆ.ಜಿ. ಹೊರುತ್ತದೆ ಎಂದರ್ಥ. 82 ಇದ್ದರೆ 475, 88 ಇದ್ದರೆ 560. ಕೊನೆಯ ಟಿ ವೇಗದ ಗುರುತು. ಎಸ್ ಅಂದರೆ ಗಂಟೆಗೆ 180 ಕಿ.ಮೀ., ಟಿ ಅಂದರೆ 190, ಎಚ್ ಅಂದರೆ 210. ‘ನಾನೇನು ನೂರರ ಮೇಲೆ ಹೋಗಲ್ಲ ಬಿಡ್ರಿ, ಯಾವ ಅಕ್ಷರ ಇದ್ರೇನು’ ಎನ್ನುವವರುಂಟು. ಆ ಅಕ್ಷರ ಓಡಿಸಲು ಕೊಟ್ಟ ಪರ್ಮಿಟ್ಟಲ್ಲ. ಬಿಸಿಯನ್ನು ಎಷ್ಟು ತಾಳುತ್ತದೆ ಎಂಬುದರ ಲೆಕ್ಕ. ಕಂಪನಿ ಹಾಕಿಕೊಟ್ಟದ್ದಕ್ಕಿಂತ ಭಾರದ ಅಂಕಿಯಾಗಲಿ ವೇಗದ ಅಕ್ಷರವಾಗಲಿ ಕೆಳಗಿಳಿಯಬಾರದು. ಮೇಲಿದ್ದರೆ ತೊಂದರೆಯಿಲ್ಲ.

ಹುಡುಗರ ಖಯಾಲಿ ಇನ್ನೊಂದಿದೆ, ಅಗಲ ಟೈರು. ಗಾಡಿಗೆ ಗತ್ತು ಬರುತ್ತದಂತೆ. ಅದೇ 14 ಇಂಚಿನ ಡಿಸ್ಕಿಗೆ 185/65 ಹಾಕಿಸಿದರೆ ಅಗಲವೇನೋ ಹೆಚ್ಚಿತು, ಒಟ್ಟು ಎತ್ತರ 620 ಮಿ.ಮೀ.ಯಿಂದ 596ಕ್ಕೆ ಇಳಿಯಿತು. ಕಾರು ನೆಲಕ್ಕೆ 12 ಮಿ.ಮೀ. ಹತ್ತಿರವಾಯಿತು. ನಮ್ಮ ಬಡಾವಣೆಗಳಲ್ಲಿ ಜನರೇ ಕಟ್ಟಿಕೊಂಡ ಹಂಪುಗಳ ಮೇಲೆ ಹೊಟ್ಟೆ ಉಜ್ಜುವುದು ಖಾತ್ರಿ. ಮೀಟರು ನಿಜವಾದ ವೇಗಕ್ಕಿಂತ ಹೆಚ್ಚು ತೋರಿಸುತ್ತದೆ. ಅದೇ 185/65 ಟೈರನ್ನು 15 ಇಂಚಿನ ಡಿಸ್ಕಿನ ಜೊತೆ ಹಾಕಿದರೆ ಎತ್ತರ 621.5 ಮಿ.ಮೀ., ವ್ಯತ್ಯಾಸ ಎರಡೇ ಮಿಲಿಮೀಟರು. ಅಂದರೆ ಅಗಲ ಬೇಕಾದರೆ ಡಿಸ್ಕೂ ಬದಲಾಗಬೇಕು. ಜೇಬು ಒಪ್ಪದಿದ್ದರೆ ಕಂಪನಿ ಕೊಟ್ಟ ಅಳತೆಯೇ ಲೇಸು.

ಅಕ್ಕಿ ಮೂಟೆ ಹೊರುವ ಆಮ್ನಿ

ಅಂಗಡಿ ಸಾಹುಕಾರರು ಇದನ್ನು ಗಮನವಿಟ್ಟು ಓದಬೇಕು. ಮಾರುತಿ ಆಮ್ನಿ ತಯಾರಿಕೆ 2019ರಲ್ಲೇ ನಿಂತರೂ ಸಂತೇಪೇಟೆ ಸುತ್ತಮುತ್ತ ದಿನಸಿ ಹೊರುವ ಆಮ್ನಿಗಳಿಗೆ ಬರವಿಲ್ಲ. ಅದಕ್ಕೆ ಬರುವ ಟೈರಿನ ಮೇಲೆ 145 ಆರ್ 12, ಆಮೇಲೆ ಎಲ್‌ಟಿ, 6 ಪಿಆರ್ ಎಂದಿರುತ್ತದೆ. ಎಲ್‌ಟಿ ಅಂದರೆ ಸಾಮಾನು ಗಾಡಿಗೆ ಮಾಡಿದ್ದು. 6 ಪಿಆರ್ ಅಂದರೆ ಬಲದ ದರ್ಜೆ. ಒಳಗೆ ಆರು ಪದರ ಬಟ್ಟೆ ಇದೆ ಎಂದಲ್ಲ, ಅಷ್ಟರ ಬಲ ಇದೆ ಎಂದು.

ಆಲ್ಟೊ ಕಾರಿನ ಟೈರು 145/80 ಆರ್ 12. ಅದೂ 145, ಅದೂ ಹನ್ನೆರಡು ಇಂಚು. ಡಿಸ್ಕಿಗೆ ಸಲೀಸಾಗಿ ಕೂರುತ್ತದೆ, ಬೆಲೆಯೂ ಕಡಿಮೆ. ‘ಎರಡೂ ಒಂದೇ ಅಣ್ಣಾ’ ಎಂದು ಹಾಕಿ ಕಳಿಸುವವರಿದ್ದಾರೆ. ಒಂದೇ ಅಲ್ಲ. ಆಲ್ಟೊ ಟೈರಿನ ಭಾರದ ಅಂಕಿ 74, ಅಂದರೆ ಒಂದಕ್ಕೆ 375 ಕೆ.ಜಿ. ಹಿಂದಿನ ಎರಡೂ ಸೇರಿ 750. ಹಿಂದಿನ ಸೀಟು ತೆಗೆದು 25 ಕೆ.ಜಿ.ಯ ಇಪ್ಪತ್ತು ಅಕ್ಕಿ ಚೀಲ ಪೇರಿಸಿದರೆ ಅದೇ 500 ಕೆ.ಜಿ. ಆಯಿತು. ಗಾಡಿಯ ಸ್ವಂತ ತೂಕ, ಚೀಲದ ಮೇಲೆ ಕೂತ ಹುಡುಗ, ಎಲ್ಲ ಸೇರಿಸಿ. ತಕ್ಕಡಿ ಹಿಡಿಯುವವರಿಗೆ ನಾನು ಲೆಕ್ಕ ಹೇಳಿಕೊಡಬೇಕೆ?

ಬಿಸಿ ಚಾಕುವಿನ ಕೈಚಳಕ

ಸೆಕೆಂಡ್ ಹ್ಯಾಂಡ್ ಟೈರೆಲ್ಲ ಕೆಟ್ಟದ್ದಲ್ಲ. ಹೊಸ ಕಾರು ತಂದವರು ಮಾರನೇ ದಿನವೇ ಅಗಲ ಟೈರಿಗೆ ಬದಲಾಯಿಸಿ, ಕಂಪನಿ ಟೈರನ್ನು ಅಂಗಡಿಗೇ ಬಿಟ್ಟು ಹೋಗುವುದುಂಟು. ಅಂಥದ್ದು ಸಿಕ್ಕರೆ ಅದೃಷ್ಟ. ಆದರೆ ನುಣ್ಣಗಾದ ಟೈರಿಗೆ ಬಿಸಿ ಚಾಕುವಿನಿಂದ ಹೊಸ ಗೀರು ಕೊರೆದು, ಪಾಲಿಶ್ ಹೊಡೆದು ಮಾರುವುದೂ ಉಂಟು. ಗೀರು ಆಳವಾಗಿ ಕಾಣುತ್ತದೆ, ಅದರ ಕೆಳಗೆ ರಬ್ಬರೇ ಉಳಿದಿರುವುದಿಲ್ಲ.

ಕಂಡುಹಿಡಿಯುವುದು ಸುಲಭ. ಟೈರಿನ ಅಂಚಿನಲ್ಲಿ ಚಿಕ್ಕ ತ್ರಿಕೋನ ಅಥವಾ ಟಿಡಬ್ಲ್ಯುಐ ಎಂಬ ಅಕ್ಷರ ಹುಡುಕಿ. ಅದರ ನೇರಕ್ಕೆ ಗೀರಿನೊಳಗೆ ಒಂದು ಸಣ್ಣ ದಿಬ್ಬ ಇರಬೇಕು. ಅದರ ಎತ್ತರ 1.6 ಮಿ.ಮೀ. ಮೇಲಿನ ರಬ್ಬರು ಸವೆದು ದಿಬ್ಬಕ್ಕೆ ಸಮನಾಯಿತೋ ಟೈರಿನ ಆಯಸ್ಸು ಮುಗಿಯಿತು. ಕೇಂದ್ರ ಮೋಟಾರು ವಾಹನ ನಿಯಮವೂ ಕಾರಿಗೆ ಇದೇ 1.6 ಮಿ.ಮೀ. ಮಿತಿ ಹಾಕಿದೆ. ಕೊರೆದ ಟೈರಿನಲ್ಲಿ ಆ ದಿಬ್ಬ ಕತ್ತರಿಸಿ ಹೋಗಿರುತ್ತದೆ, ಗೀರಿನ ತಳ ಏರುಪೇರಾಗಿರುತ್ತದೆ. ದಿಬ್ಬವೇ ಕಾಣದ ಟೈರನ್ನು ಪುಕ್ಕಟೆ ಕೊಟ್ಟರೂ ಬೇಡ. ಒಳಮೈಯಲ್ಲಿ ತೇಪೆ ಎಷ್ಟಿದೆ ಎಂದು ಕೈ ಹಾಕಿ ನೋಡುವುದೂ ಒಳ್ಳೆಯದು. ಬಾಡಿಗೆ ಕಾರು ಹತ್ತುವವರು ಲಗೇಜು ಇಡುವಾಗ ಒಮ್ಮೆ ಬಗ್ಗಿ ಈ ದಿಬ್ಬ ನೋಡಿದರೆ ಡ್ರೈವರಣ್ಣ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಬೇರೆ ಕಾರು ನೋಡಿ.

ಗಾಳಿ ಮಾತು

‘ಬೇಸಿಗೆ, ದೂರದ ದಾರಿ, ಸ್ವಲ್ಪ ಗಾಳಿ ಕಮ್ಮಿ ಇರ್ಲಿ, ಇಲ್ಲಾಂದ್ರೆ ಸಿಡಿಯುತ್ತೆ.’ ಇದನ್ನು ಪೆಟ್ರೋಲ್ ಬಂಕಿನಲ್ಲಿ ಕೇಳದವರಿಲ್ಲ. ತದ್ವಿರುದ್ಧ ಸ್ವಾಮಿ. ಗಾಳಿ ಕಡಿಮೆಯಾದರೆ ಟೈರಿನ ಮಗ್ಗುಲು ಪ್ರತಿ ಸುತ್ತಿಗೂ ಹೆಚ್ಚು ಬಳುಕುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವುದಿಲ್ಲವೇ, ಹಾಗೆ. ಆ ಬಿಸಿಯೇ ಒಳಗಿನ ಕಟ್ಟನ್ನು ಬಿಡಿಸುವುದು. ಎಷ್ಟು ಗಾಳಿ ಬೇಕೆಂದು ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲಿ ಕಾರು ಕಂಪನಿಯೇ ಅಂಟಿಸಿರುತ್ತದೆ. ಟೈರಿನ ಮೇಲೆ ಮ್ಯಾಕ್ಸ್ ಪ್ರೆಸ್ ಎಂದು 44 ಅಥವಾ 51 ಇರಬಹುದು, ಅದು ಮೀರಬಾರದ ಗಡಿ, ತುಂಬಿಸಬೇಕಾದ ಅಳತೆಯಲ್ಲ. ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ನೋಡಿಸಬೇಕು. ದುಡ್ಡು ಕೊಟ್ಟು ನೈಟ್ರೋಜನ್ ಹಾಕಿಸುವವರು ಹಾಕಿಸಲಿ. ಪುಕ್ಕಟೆ ಗಾಳಿಯಲ್ಲೂ ನೂರಕ್ಕೆ 78 ಪಾಲು ಅದೇ ಇದೆ.

ಎರಡೇ ಹೊಸ ಟೈರು ಕೊಳ್ಳುವ ಶಕ್ತಿ ಇದ್ದರೆ ಅವನ್ನು ಹಿಂದಕ್ಕೆ ಹಾಕಿಸಿ. ಮುಂದಕ್ಕೆ ಹಾಕುವುದು ನಮ್ಮಲ್ಲಿ ರೂಢಿ. ಆದರೆ ಮಳೆಯಲ್ಲಿ ಮುಂದಿನದು ಜಾರಿದರೆ ಕಾಲು ತೆಗೆದು ಸ್ಟೇರಿಂಗ್ ಹಿಡಿದು ಸುಧಾರಿಸಬಹುದು. ಹಿಂದಿನದು ಜಾರಿದರೆ ಗಾಡಿ ಬುಗುರಿಯಾಗುತ್ತದೆ.

ಬಿಲ್ಲು ಬೇಡ ಅನ್ನಬೇಡಿ

2009ರ ಕೇಂದ್ರದ ಗುಣಮಟ್ಟ ಆದೇಶದಂತೆ ಟೈರಿಗೆ ಐ.ಎಸ್.ಐ. ಗುರುತು ಕಡ್ಡಾಯ. ಕಾರಿನ ಟೈರಿಗೆ ಐ.ಎಸ್. 15633 ಎಂಬ ಸಂಖ್ಯೆ. ಅದಿಲ್ಲದ ಅಗ್ಗದ ಮಾಲು ಕಂಡರೆ ದೂರವಿರಿ. ನಮ್ಮೂರಿಗೂ ಟೈರಿಗೂ ಹಳೆಯ ನಂಟು. ರಾಜ್ಯ ಸರ್ಕಾರದ ಪಾಲಿದ್ದ ವಿಕ್ರಾಂತ್ ಇಲ್ಲಿಯದೇ, 1997ರಲ್ಲಿ ಜೆ.ಕೆ. ಟೈರ್ ಕೈಗೆ ಹೋಯಿತು. ಆ ಕಾರ್ಖಾನೆಯಲ್ಲಿ ದುಡಿದವರು ನಿಮ್ಮ ಬೀದಿಯಲ್ಲಿದ್ದರೆ ಹೊಸ ಟೈರು ತೋರಿಸಿ ಒಂದು ಮಾತು ಕೇಳಿ, ಬೆರಳಾಡಿಸಿಯೇ ಹೇಳಿಬಿಡುತ್ತಾರೆ.

2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿದೆ. ಮೂಲ ಬೆಲೆ 4,000 ರೂ. ಎಂದಿಟ್ಟುಕೊಂಡರೆ ಮೊದಲು 1,120 ರೂ. ತೆರಿಗೆ, ಈಗ 720. ನಾಲ್ಕು ಟೈರಿಗೆ 1,600 ರೂ. ಉಳಿತಾಯ. ಅಷ್ಟು ಉಳಿದ ಮೇಲೂ ‘ಬಿಲ್ ಬೇಡ ಅಂದ್ರೆ ಇನ್ನೂ ಬಿಡ್ತೀನಿ’ ಎಂಬ ಮಾತಿಗೆ ಮರುಳಾದರೆ, ನಾಳೆ ಮಗ್ಗುಲು ಉಬ್ಬಿದಾಗ ಕಂಪನಿ ಮುಂದೆ ತಕರಾರು ಹೇಳಲು ಕೈಯಲ್ಲಿ ಏನೂ ಇರುವುದಿಲ್ಲ. ಬಿಲ್ಲಿನಲ್ಲಿ ಆ ಡಿ.ಓ.ಟಿ. ಸಾಲನ್ನೂ ಬರೆಸಿಕೊಳ್ಳಿ.

ಇನ್ನು ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿ. 2013ರ ಕಾರಿನಲ್ಲಿ 2013ರದೇ ಸ್ಟೆಪ್ನಿ, ನೆಲ ಮುಟ್ಟದೆ ಮಿರಮಿರ ಮಿಂಚುತ್ತಿರುತ್ತದೆ. ‘ಹೊಸದಾಗೇ ಇದೆ, ಇದನ್ನೇ ಮುಂದಕ್ಕೆ ಹಾಕು, ಒಂದು ಟೈರಿನ ದುಡ್ಡು ಉಳೀತು’ ಎಂದು ಲೆಕ್ಕ ಹಾಕುವ ಯಜಮಾನರಿಗೆ ಹೇಳುವುದಿಷ್ಟೇ: ಚಾಪೆ ಎತ್ತಿ ಆ ನಾಲ್ಕು ಅಂಕಿ ಓದಿ, ಹಾಗೆಯೇ ಗಾಳಿ ಇದೆಯೋ ಇಲ್ಲವೋ ನೋಡಿ.